ಮಗು ಚೆನ್ನಾಗಿ ತಿನ್ನುತ್ತದೆ, ಆದರೂ ಬೆಳೆಯುತ್ತಿಲ್ಲ: ನೀರು, ಕೈ, ಕಕ್ಕಸಿನ ಕಡೆ ಒಮ್ಮೆ ನೋಡಿ

"ಮಗುವಿಗೆ ರಾಗಿ ಸರಿ ಕೊಡ್ತೀವಿ, ಹಾಲು ಕೊಡ್ತೀವಿ, ಮೊಟ್ಟೆನೂ ಕೊಡ್ತೀವಿ. ಆದ್ರೂ ಅಂಗನವಾಡಿಯಲ್ಲಿ ಅಳೆದಾಗ ಎತ್ತರ ಕಡಿಮೆ ಅಂತಾರೆ. ಯಾಕೆ?"

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರೆಲ್ಲ ಊಟದ ಬಗ್ಗೆಯೇ ಕೇಳುತ್ತಾರೆ. ಇನ್ನೇನು ತಿನ್ನಿಸಬೇಕು, ಯಾವ ಪುಡಿ ಒಳ್ಳೆಯದು, ಟಾನಿಕ್ ಕೊಡಬಹುದಾ. ಮನೆಗೆ ನೀರು ಎಲ್ಲಿಂದ ಬರುತ್ತದೆ, ಮಗುವಿನ ಕಕ್ಕ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಒಂದೇ ಕಡೆ, ಹಂತ ಹಂತವಾಗಿ ಬರೆದಿಡುತ್ತಿದ್ದೇನೆ.

ಮೊದಲು ಹೊಟ್ಟೆಯೊಳಗೆ ಏನಾಗುತ್ತದೆ ನೋಡೋಣ. ಸಣ್ಣ ಕರುಳಿನ ಒಳಗೋಡೆ ಟರ್ಕಿ ಟವೆಲ್ಲಿನ ಹಾಗೆ ಇರುತ್ತದೆ, ಸಣ್ಣ ಸಣ್ಣ ಎಳೆಗಳು ತುಂಬಿರುತ್ತವೆ. ತಿಂದದ್ದನ್ನು ಹೀರಿಕೊಳ್ಳುವುದು ಆ ಎಳೆಗಳೇ. ಮಲದ ಕ್ರಿಮಿಗಳು ದಿನವೂ ಸ್ವಲ್ಪ ಸ್ವಲ್ಪ ಬಾಯಿಗೆ ಹೋಗುತ್ತಿದ್ದರೆ ಈ ಎಳೆಗಳು ಸವೆದು ಮೊಂಡಾಗುತ್ತವೆ. ಹೀರುವ ಜಾಗ ಕಡಿಮೆಯಾಗುತ್ತದೆ. ಗೋಡೆ ಸೋರಲು ಶುರುವಾಗಿ ಕ್ರಿಮಿಯ ಅಂಶಗಳು ರಕ್ತಕ್ಕೂ ಸೇರುತ್ತವೆ. ಆಗ ಬೆಳೆಯಲು ಬೇಕಾದ ಶಕ್ತಿಯನ್ನು ಮೈ ಹೋರಾಟಕ್ಕೆ ಖರ್ಚು ಮಾಡುತ್ತದೆ. ವೈದ್ಯರು ಇದನ್ನು ಎನ್ವಿರಾನ್‌ಮೆಂಟಲ್ ಎಂಟೆರಿಕ್ ಡಿಸ್‌ಫಂಕ್ಷನ್ ಅನ್ನುತ್ತಾರೆ. ಅಂದರೆ ಸುತ್ತಲಿನ ಹೊಲಸಿನಿಂದ ಕರುಳು ದುರ್ಬಲವಾಗುವುದು. ಇದಕ್ಕೆ ಭೇದಿ ಆಗಲೇಬೇಕು ಅಂತಿಲ್ಲ. ಮಗು ಆಡಿಕೊಂಡೇ ಇರುತ್ತದೆ, ತಿನ್ನುತ್ತಲೂ ಇರುತ್ತದೆ, ಮೈಗೆ ಮಾತ್ರ ಹತ್ತುವುದಿಲ್ಲ.

ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದನ್ನು ಕುಂಠಿತ ಬೆಳವಣಿಗೆ ಅನ್ನುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 35 ಮಕ್ಕಳು ಹೀಗಿದ್ದಾರೆ. ಹೊಟ್ಟೆಯಲ್ಲಿದ್ದಾಗಿನಿಂದ ಎರಡು ವರ್ಷ ತುಂಬುವವರೆಗಿನ ಸಾವಿರ ದಿನಗಳು ಬಹಳ ಮುಖ್ಯ, ಮಿದುಳು ವೇಗವಾಗಿ ಬೆಳೆಯುವುದೂ ಆಗಲೇ. ಈಗ ತಪ್ಪಿದ್ದನ್ನು ಆಮೇಲೆ ತುಂಬಿಕೊಳ್ಳುವುದು ಕಷ್ಟ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳ ಹಳ್ಳಿಗಳಲ್ಲಿ ಸಾವಿರಾರು ಮಕ್ಕಳ ಮೇಲೆ ದೊಡ್ಡ ಅಧ್ಯಯನಗಳು ನಡೆದವು, 2018–19ರಲ್ಲಿ ಫಲಿತಾಂಶ ಬಂತು. ಮನೆಗಳಿಗೆ ಕ್ಲೋರಿನ್, ಸುಧಾರಿತ ಕಕ್ಕಸು, ಕೈ ತೊಳೆಯುವ ಜಾಗ ಎಲ್ಲ ಕೊಟ್ಟರು. ಬಾಂಗ್ಲಾದೇಶದಲ್ಲಿ ಭೇದಿ ಕಡಿಮೆಯಾಯಿತು. ಆದರೆ ಇಷ್ಟರಿಂದಲೇ ಮಕ್ಕಳ ಎತ್ತರ ಹೆಚ್ಚಲಿಲ್ಲ. ಎತ್ತರ ಸ್ವಲ್ಪ ಹೆಚ್ಚಿದ್ದು ಪೌಷ್ಟಿಕ ಆಹಾರವನ್ನೂ ಕೊಟ್ಟ ಮನೆಗಳಲ್ಲಿ. ಹಾಗಂದ ಮಾತ್ರಕ್ಕೆ ಶುಚಿತ್ವ ಬೇಡ ಅಂತಲ್ಲ. ಹೊಲಸು ಬಾಯಿಗೆ ಬರಲು ನೀರು, ಕೈ, ನೊಣ, ನೆಲ, ಆಹಾರ ಅಂತ ಹಲವು ದಾರಿಗಳಿವೆ. ಒಂದನ್ನು ಮುಚ್ಚಿದರೆ ಇನ್ನೊಂದರಿಂದ ಬರುತ್ತದೆ. ಬರೀ ಫಿಲ್ಟರ್ ತಂದಿಟ್ಟು "ನಮ್ಮ ಮನೆ ನೀರು ಶುದ್ಧ" ಅಂತ ಸುಮ್ನೆ ಕೂತರೆ ಆಗುವುದಿಲ್ಲ. ಊಟವನ್ನು ಬಿಡುವಂತೆಯೂ ಇಲ್ಲ.

ಹಂತ 1: ಮೊದಲು ಅಳೆಯಿರಿ

ಬೇಕಾದದ್ದು ತಾಯಿ ಕಾರ್ಡ್, ಅಳತೆ ಟೇಪು, ಒಂದು ದಪ್ಪ ಪುಸ್ತಕ, ಇಬ್ಬರು ಜನ.

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ಸಮತಟ್ಟಾದ ನೆಲದಲ್ಲಿ ಮಲಗಿಸಿ, ತಲೆ ಗೋಡೆಗೆ ತಾಗಿರಲಿ. ಒಬ್ಬರು ತಲೆ ಹಿಡಿಯಲಿ. ಇನ್ನೊಬ್ಬರು ಮೊಣಕಾಲು ನೆಟ್ಟಗೆ ಮಾಡಿ, ಅಂಗಾಲಿಗೆ ಪುಸ್ತಕ ತಾಗಿಸಿ ಗುರುತು ಹಾಕಿ. ಗೋಡೆಯಿಂದ ಗುರುತಿನವರೆಗೆ ನೆಲದ ಮೇಲೆ ಅಳೆಯಿರಿ. ಟೇಪನ್ನು ಮೈಮೇಲೆ ಹಾಯಿಸಿ ಅಳೆದರೆ ಒಂದೆರಡು ಸೆಂ.ಮೀ. ಜಾಸ್ತಿ ಬರುತ್ತದೆ. ಬಹಳ ಜನ ತಪ್ಪುವುದು ಇಲ್ಲಿಯೇ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಒಂದು ವರ್ಷಕ್ಕೆ ಗಂಡು ಮಗು 71 ಸೆಂ.ಮೀ.ಗಿಂತ, ಹೆಣ್ಣು ಮಗು ಸುಮಾರು 69 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ಕುಂಠಿತ ಬೆಳವಣಿಗೆ. ಎರಡು ವರ್ಷಕ್ಕೆ ಈ ಮಿತಿ ಗಂಡಿಗೆ 81.7, ಹೆಣ್ಣಿಗೆ 80. ಒಂದೇ ಅಳತೆ ನೋಡಿ ಗಾಬರಿ ಆಗಬೇಡಿ. ಎರಡು ಮೂರು ಅಳತೆ ಸೇರಿಸಿ ನೋಡಿದಾಗ ಬೆಳವಣಿಗೆಯ ಗೆರೆ ಮೇಲೇರುತ್ತಿದೆಯಾ, ಮಲಗಿಬಿಟ್ಟಿದೆಯಾ ಅನ್ನುವುದೇ ಮುಖ್ಯ. ಅಂಗನವಾಡಿಯಲ್ಲಿ ತೂಕ ಮಾತ್ರ ನೋಡಿ ಕಳಿಸಿದರೆ "ಎತ್ತರವನ್ನೂ ಅಳೀರಿ ಅಕ್ಕ" ಅಂತ ಕೇಳಿ.

"ನಾವೇ ಗಿಡ್ಡ, ಮಗು ಎಲ್ಲಿಂದ ಎತ್ತರ ಆಗುತ್ತೆ" ಅನ್ನುವವರಿಗೆ ಒಂದು ಮಾತು. 2006ರಲ್ಲಿ ಬಂದ ಈ ಅಳತೆಯನ್ನು ಮಾಡಿದ್ದು ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಓಮನ್, ಅಮೆರಿಕ ಈ ಆರು ದೇಶಗಳ ಮಕ್ಕಳನ್ನು ನೋಡಿ. ನಮ್ಮ ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಒಳ್ಳೆಯ ಆಹಾರ, ಶುಚಿಯಾದ ಮನೆ, ಎದೆಹಾಲು ಸಿಕ್ಕರೆ ಈ ವಯಸ್ಸಿನ ಮಕ್ಕಳು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಥರ ಬೆಳೆಯುತ್ತಾರೆ ಅಂತ ಅದರಿಂದ ಗೊತ್ತಾಯಿತು. ಅಪ್ಪ ಅಮ್ಮನ ಎತ್ತರಕ್ಕೂ ಪಾಲಿದೆ, ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡಿ.

ಹಂತ 2: ಮೊದಲ ಆರು ತಿಂಗಳು ನೀರೇ ಬೇಡ

ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇರುತ್ತದೆ. ಕಲಬುರಗಿಯ ಬೇಸಿಗೆಯಲ್ಲೂ ಮಗುವಿಗೆ ಅದು ಸಾಕು. ಸಕ್ಕರೆ ನೀರು, ಜೇನುತುಪ್ಪ, ತೇದ ಬಜೆ, ಗ್ರೈಪ್ ವಾಟರ್ ಯಾವುದೂ ಬೇಡ. ಹಿರಿಯರು ಪ್ರೀತಿಯಿಂದಲೇ ಕೊಡುತ್ತಾರೆ, ನಿಜ. ಆದರೆ ತೇಯುವ ಕಲ್ಲು, ಬೆರಳು, ನೀರು ಮೂರೂ ಮಗುವಿನ ಬಾಯಿಗೆ ಹೋಗುತ್ತವೆ. ಮನೆಯಲ್ಲಿ ಜಗಳ ಮಾಡುವ ಬದಲು ಅತ್ತೆಯನ್ನೋ ಅಮ್ಮನನ್ನೋ ಆಸ್ಪತ್ರೆಗೆ ಜೊತೆಗೆ ಕರೆದುಕೊಂಡು ಹೋಗಿ, ನರ್ಸ್ ಬಾಯಿಂದಲೇ ಹೇಳಿಸಿ. ಹಾಗೆ ಮಾಡಿದರೆ ಮಾತು ಬೇಗ ಒಳಗಿಳಿಯುತ್ತದೆ.

ಹಂತ 3: ನೀರು – ಮೂಲದಿಂದ ಲೋಟದವರೆಗೆ

ಈ ಹಂತ ಉದ್ದ ಇದೆ, ಯಾಕೆಂದರೆ ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಒಂದು ಕ್ರಿಮಿ. ಇನ್ನೊಂದು ನೀರಿನಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್‌ನಂಥ ವಸ್ತು. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ.

ಮೊದಲು ನೀರು ಪರೀಕ್ಷೆ ಮಾಡಿಸಿ. ಜಲ ಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು ಅಂತ ಇದೆ, ಪರೀಕ್ಷೆಯ ಕಿಟ್ ಪಂಚಾಯಿತಿಯಲ್ಲಿರುತ್ತದೆ. ಪಿಡಿಒ ಅಥವಾ ವಾಟರ್‌ಮ್ಯಾನ್ ಹತ್ತಿರ ಹೋಗಿ ನಿಮ್ಮ ಬೀದಿಯ ನೀರಿನ ಫಲಿತಾಂಶ ಕೇಳಿ. ಕ್ರಿಮಿ ನೋಡಲು ಒಂದು ಸಣ್ಣ ಬಾಟಲಿ ಬರುತ್ತದೆ, ಎಚ್2ಎಸ್ ಬಾಟಲಿ ಅನ್ನುತ್ತಾರೆ. ಗುರುತಿನವರೆಗೆ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲದ ಕ್ರಿಮಿ ಸೇರಿದ ನೀರು ಕಪ್ಪಾಗುತ್ತದೆ. ಮನೆಯವರ ಕಣ್ಣೆದುರೇ ನೀರು ಕಪ್ಪಾದರೆ ನೂರು ಮಾತು ಹೇಳುವುದು ಉಳಿಯುತ್ತದೆ. ಮೂಲದ ನೀರನ್ನೂ ಪರೀಕ್ಷೆ ಮಾಡಿ, ಮನೆಯ ಕೊಡದ ನೀರನ್ನೂ ಮಾಡಿ. ಬೋರ್‌ವೆಲ್‌ನಲ್ಲಿ ಚೆನ್ನಾಗಿದ್ದ ನೀರು ಕೊಡಕ್ಕೆ ಬಂದಮೇಲೆ ಕೆಟ್ಟಿರುವುದು ಬಹಳ ಕಡೆ ಕಂಡುಬರುತ್ತದೆ.

ಕ್ರಿಮಿಗೆ ಕುದಿಸುವುದೇ ಸುಲಭದ ದಾರಿ. ದೊಡ್ಡ ಗುಳ್ಳೆಗಳು ಎದ್ದು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಇಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಖಾಲಿ ಮಾಡಬೇಕಿಲ್ಲ. ಬರೀ ಬೆಚ್ಚಗೆ ಮಾಡಿದರೆ ಪ್ರಯೋಜನ ಇಲ್ಲ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟು ಆರಿಸಿ. ಸೌದೆ, ಗ್ಯಾಸ್ ಹೊಂದಿಸುವುದು ಕಷ್ಟವಾದರೆ ಕ್ಲೋರಿನ್ ಮಾತ್ರೆ ಹಾಕಬಹುದು, ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ. ಎಷ್ಟು ಲೀಟರಿಗೆ ಎಷ್ಟು ಮಾತ್ರೆ ಅಂತ ಪೊಟ್ಟಣದ ಮೇಲೆ ಇರುತ್ತದೆ, ಹಾಕಿ ಅರ್ಧ ಗಂಟೆ ಬಿಡಬೇಕು. ನೀರು ಕದಡಿದ್ದರೆ ಮೊದಲು ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಿ. ಕೆಸರಿದ್ದರೆ ಕ್ಲೋರಿನ್ ಅದರ ಜೊತೆಯೇ ಖರ್ಚಾಗಿ ಹೋಗುತ್ತದೆ.

ಫ್ಲೋರೈಡ್ ಕಥೆಯೇ ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಕೊಪ್ಪಳದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಇದು ಜಾಸ್ತಿ. ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಅದಕ್ಕಿಂತ ಹೆಚ್ಚಾದರೆ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗೆ ಪೆಟ್ಟು. ಎಚ್ಚರ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ನೈಟ್ರೇಟ್ ಕೂಡ ಹಾಗೇ. ಅದರ ಮಿತಿ ಲೀಟರಿಗೆ 45 ಮಿ.ಗ್ರಾಂ., ಮೀರಿದ ನೀರಿನಲ್ಲಿ ಪುಡಿಹಾಲು ಕಲಸಿ ಎಳೆ ಕೂಸಿಗೆ ಕೊಟ್ಟರೆ ಮೈ ನೀಲಿಗಟ್ಟುವಷ್ಟು ಅಪಾಯ. ಇಂಥ ಕಡೆ ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರು (ಕರಗಿದ ವಸ್ತುಗಳನ್ನೂ ಸೋಸಿ ತೆಗೆದ ನೀರು) ಅಥವಾ ಮಳೆನೀರು ಬೇಕಾಗುತ್ತದೆ.

ಘಟಕದ ನೀರು ತಂದರೂ ಕ್ಯಾನ್ ತೊಳೆಯುವುದನ್ನು ಮರೆಯಬೇಡಿ. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಒಳಗೆ ಲೋಳೆ ಕಟ್ಟಿದ ಕ್ಯಾನಿಗೆ ತುಂಬಿಸಿದರೆ ಕ್ರಿಮಿಗಳು ಆರಾಮಾಗಿ ಬೆಳೆಯುತ್ತವೆ.

ವಾರಕ್ಕೊಮ್ಮೆಯೋ ಎರಡು ಸಲವೋ ನಲ್ಲಿ ನೀರು ಬಿಡುವ ಊರಿನವರು ಇನ್ನೊಂದು ವಿಷಯ ಗಮನಿಸಿ. ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಬಿರುಕುಗಳಿಂದ ಪಕ್ಕದ ಚರಂಡಿಯ ನೀರು ಒಳಗೆ ಬರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಅದೇ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಟ್ಟಾಗ, ಆ ಮನೆಗಳನ್ನೂ ಬಿಟ್ಟು ಬಿಟ್ಟು ನೀರು ಬರುವ ಮನೆಗಳನ್ನೂ ಹೋಲಿಸಿ ಅಧ್ಯಯನ ಮಾಡಿದ್ದರು. ಸುಮಾರು 4 ಸಾವಿರ ಮನೆ, ಎಲ್ಲದರಲ್ಲೂ ಸಣ್ಣ ಮಕ್ಕಳು. ಒಟ್ಟು ಭೇದಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆದರೆ 24 ಗಂಟೆ ನೀರಿದ್ದ ಕಡೆ ಟೈಫಾಯ್ಡ್ ಕಡಿಮೆ ಇತ್ತು, ಬಡವರ ಮನೆಯ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ ಇತ್ತು. ನಿಮ್ಮಲ್ಲಿ ಅಂಥ ನೀರು ಇಲ್ಲದಿದ್ದರೆ ಇಷ್ಟಾದರೂ ಮಾಡಿ: ನಲ್ಲಿ ಬಿಟ್ಟ ತಕ್ಷಣ ಬರುವ ನೀರನ್ನು ಕುಡಿಯಲು ಹಿಡಿಯಬೇಡಿ. ಬಟ್ಟೆಗೆ, ಕಕ್ಕಸಿಗೆ ಹಿಡಿದಿಡಿ. ತಿಳಿಯಾಗಿ ಬರಲು ಶುರುವಾದಮೇಲೆ ಕುಡಿಯುವ ಕೊಡ ಇಡಿ, ಅದನ್ನೂ ಮಗುವಿಗೆ ಕುದಿಸಿಯೇ ಕೊಡಿ.

ಕೊನೆಯದು ಶೇಖರಣೆ. ಕುಡಿಯುವ ನೀರಿಗೆ ಬಾಯಿ ಕಿರಿದಾದ ಬಿಂದಿಗೆ ಅಥವಾ ಕೆಳಗೆ ನಲ್ಲಿ ಇರುವ ಡ್ರಮ್ ಇಡಿ. ಬೆರಳು ಸಮೇತ ಲೋಟ ಅದ್ದುವುದು ನಮ್ಮೆಲ್ಲರ ಮನೆಯ ಅಭ್ಯಾಸ, ಅದನ್ನು ಮೊದಲು ಬಿಡಿಸಬೇಕು. ಉದ್ದ ಹಿಡಿಯ ಸೌಟು ಗೋಡೆಗೆ ನೇತುಹಾಕಿ. ಅದು ನೆಲ ಮುಟ್ಟಬಾರದು, ಬೇರೆ ಕೆಲಸಕ್ಕೂ ಬಳಸಬಾರದು.

ಹಂತ 4: ಸೋಪು ಹಾಕಿ ಕೈ ತೊಳೆಯುವುದು

ಎಲ್ಲದರಲ್ಲಿ ಅಗ್ಗವಾದದ್ದು ಇದು. ದಿನವಿಡೀ ತೊಳೆಯುತ್ತಿರಬೇಕಾಗಿಲ್ಲ, ಐದು ಹೊತ್ತು ತಪ್ಪದಿದ್ದರೆ ಸಾಕು. ಕಕ್ಕಸಿಗೆ ಹೋಗಿ ಬಂದಾಗ, ಮಗುವಿನ ಕುಂಡೆ ತೊಳೆದಮೇಲೆ, ಅಡುಗೆಗೆ ಮುಂಚೆ, ಮಗುವಿಗೆ ತಿನ್ನಿಸುವ ಮುಂಚೆ, ನೀವು ಉಣ್ಣುವ ಮುಂಚೆ. ಬರೀ ನೀರಲ್ಲಿ ನೆನೆಸಿದರೆ ಜಿಡ್ಡಿನ ಜೊತೆ ಕ್ರಿಮಿಯೂ ಉಳಿಯುತ್ತದೆ. ಸೋಪು ಹಚ್ಚಿ ಇಪ್ಪತ್ತು ಎಣಿಸುವವರೆಗೆ ಉಜ್ಜಿ. ಮಣ್ಣು ಹಚ್ಚಿ ತೊಳೆಯಬೇಡಿ, ಆ ಮಣ್ಣಲ್ಲೇ ಹುಳುವಿನ ಮೊಟ್ಟೆ ಇರಬಹುದು.

ಸೋಪು ಬಚ್ಚಲಲ್ಲಿ, ಕಕ್ಕಸು ಹಿತ್ತಲಲ್ಲಿ ಇದ್ದರೆ ಯಾರೂ ತೊಳೆಯುವುದಿಲ್ಲ. ಕಕ್ಕಸಿನ ಬಾಗಿಲ ಪಕ್ಕದಲ್ಲೇ ಇಡಿ. ನಲ್ಲಿ ಇಲ್ಲದಿದ್ದರೆ ಖಾಲಿ ಎಣ್ಣೆ ಕ್ಯಾನಿನ ಮೇಲ್ಭಾಗದಲ್ಲಿ ತೂತು ಮಾಡಿ, ನೀರು ತುಂಬಿಸಿ, ಎರಡು ಗೂಟಗಳ ನಡುವೆ ತೂಗುಹಾಕಿ. ಕ್ಯಾನಿನ ಬಾಯಿಗೆ ಹಗ್ಗ ಕಟ್ಟಿ, ಹಗ್ಗದ ಕೆಳತುದಿಗೆ ಕೋಲು ಕಟ್ಟಿ. ಕಾಲಲ್ಲಿ ಕೋಲು ಒತ್ತಿದರೆ ಕ್ಯಾನು ಬಾಗಿ ಸಣ್ಣಗೆ ನೀರು ಬೀಳುತ್ತದೆ. ಒಂದು ಚೊಂಬು ನೀರಲ್ಲಿ ಹಲವರು ಕೈ ತೊಳೆಯಬಹುದು.

ಹಂತ 5: ಮಗುವಿನ ಕಕ್ಕ ಮತ್ತು ಮನೆಯ ಕಕ್ಕಸು

"ಕೂಸಿನ ಕಕ್ಕ ಅಲ್ವಾ, ಅದೇನು ಹೊಲಸು" ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ತಪ್ಪು. ಸಣ್ಣ ಮಕ್ಕಳಿಗೆ ಹೊಟ್ಟೆಯ ಸೋಂಕು ಹೆಚ್ಚು, ಹಾಗಾಗಿ ಅವರ ಮಲದಲ್ಲಿ ರೋಗದ ಕ್ರಿಮಿಯೂ ಹೆಚ್ಚು. ಅದನ್ನು ತಿಪ್ಪೆಗೆ, ಚರಂಡಿಗೆ, ಅಂಗಳದ ಮೂಲೆಗೆ ಎಸೆದರೆ ನೊಣದ ಕಾಲಲ್ಲಿ ಮತ್ತೆ ತಟ್ಟೆಗೇ ಬರುತ್ತದೆ. ಕಕ್ಕಸಿಗೇ ಹಾಕಿ. ಡೈಪರ್ ಬಳಸಿದರೂ ಒಳಗಿನದನ್ನು ಕಕ್ಕಸಿಗೆ ಉದುರಿಸಿ, ಆಮೇಲೆ ಸುತ್ತಿ ಕಸದ ಗಾಡಿಗೆ ಹಾಕಿ.

ಇನ್ನು ಕಕ್ಕಸು ಕಟ್ಟುವವರಿಗೆ. ಹಳ್ಳಿ ಮನೆಗೆ ಎರಡು ಗುಂಡಿಯ ಕಕ್ಕಸು ಒಳ್ಳೆಯದು, ಸ್ವಚ್ಛ ಭಾರತ್‌ನಲ್ಲಿ ಅರ್ಹ ಕುಟುಂಬಗಳಿಗೆ 12,000 ರೂಪಾಯಿ ಪ್ರೋತ್ಸಾಹಧನವೂ ಇದೆ. ಒಂದು ಸಲಕ್ಕೆ ಒಂದೇ ಗುಂಡಿ ಬಳಸಬೇಕು. ಅದು ತುಂಬಿದಾಗ ಮಧ್ಯದ ಚೇಂಬರಿನಲ್ಲಿ ದಾರಿ ಬದಲಿಸಿ ಇನ್ನೊಂದಕ್ಕೆ ಬಿಡಬೇಕು. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಮುಟ್ಟದಿದ್ದರೆ ಒಳಗಿನದು ವಾಸನೆ ಇಲ್ಲದ ಗೊಬ್ಬರ ಆಗಿರುತ್ತದೆ. ಮೇಸ್ತ್ರಿಗಳು ಮಾಡುವ ತಪ್ಪುಗಳು ಇವು: ಎರಡೂ ಗುಂಡಿಗೆ ಒಟ್ಟಿಗೆ ಪೈಪ್ ಬಿಡುವುದು, ತಳಕ್ಕೆ ಸಿಮೆಂಟ್ ಹಾಕುವುದು, "ಆಳ ಇದ್ದಷ್ಟೂ ಒಳ್ಳೇದು" ಅಂತ ಬಾವಿಯಷ್ಟು ತೋಡುವುದು. ಆಳ ತೋಡಿದರೆ ಹೊಲಸು ಅಂತರ್ಜಲಕ್ಕೆ ಹತ್ತಿರವಾಗುತ್ತದೆ. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 10 ಮೀಟರ್ ದೂರ ಇರಲಿ. ಉಡುಪಿ, ಮಂಗಳೂರು ಕಡೆ ಮನೆಗೊಂದು ಬಾವಿ ಇದ್ದು ಮಳೆಗಾಲದಲ್ಲಿ ನೀರು ಮೇಲೆಯೇ ನಿಲ್ಲುತ್ತದೆ, ಅಲ್ಲಿ ಇನ್ನೂ ದೂರ ಬೇಕು, ಪಕ್ಕದ ಮನೆಯವರ ಗುಂಡಿ ಎಲ್ಲಿದೆ ಅಂತಲೂ ನೋಡಬೇಕು.

ಮನೆಯಲ್ಲಿ ಕಕ್ಕಸು ಇದ್ದೂ ಅಜ್ಜನೋ ಮಾವನೋ ಚೊಂಬು ಹಿಡಿದು ಬಯಲಿಗೆ ಹೋದರೆ ಮಗುವಿಗೆ ಅರ್ಧ ಪ್ರಯೋಜನ ಅಷ್ಟೇ. ಅಕ್ಕಪಕ್ಕದವರು ಹೋದರೂ ಹಾಗೇ. ಇದನ್ನು ಒಬ್ಬ ತಾಯಿಯ ತಲೆಗೆ ಹೊರಿಸಬಾರದು, ಸಂಘದ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಮಾತಾಡಬೇಕಾದ ವಿಷಯ.

ಹಂತ 6: ಮಗು ಅಂಬೆಗಾಲಿಡುವ ನೆಲ

ಏಳೆಂಟು ತಿಂಗಳ ಮಗುವಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಜಿಂಬಾಬ್ವೆಯ ಹಳ್ಳಿಯಲ್ಲಿ ಸಂಶೋಧಕರು ಕೂಸುಗಳ ಪಕ್ಕ ಗಂಟೆಗಟ್ಟಲೆ ಕೂತು ಏನೇನು ಬಾಯಿಗೆ ಹೋಗುತ್ತದೆ ಅಂತ ಬರೆದುಕೊಂಡರು. ಮಣ್ಣು, ಕೆಲವು ಕೂಸುಗಳು ಕೋಳಿ ಹಿಕ್ಕೆಯನ್ನೂ ತಿಂದವು. ನಮ್ಮ ಅಂಗಳಗಳಲ್ಲೂ ಇದೇ ನಡೆಯುತ್ತದೆ, ನಾವು ಕೂತು ನೋಡಿಲ್ಲ ಅಷ್ಟೇ.

ಕೋಳಿ, ಕುರಿಗಳನ್ನು ಮಗು ಆಡುವ ಜಾಗದಿಂದ ಬೇರೆ ಕಟ್ಟಿ, ರಾತ್ರಿ ಮನೆಯೊಳಗೆ ಬುಟ್ಟಿಯಡಿ ಮುಚ್ಚಬೇಡಿ. ಸಗಣಿ ಸಾರಿಸಿದ ನೆಲವಾದರೆ ಮೇಲೊಂದು ಚಾಪೆ ಹಾಸಿ, ಅದನ್ನು ದಿನವೂ ಕೊಡವಿ ಬಿಸಿಲಿಗೆ ಹಾಕಿ. ಚಪ್ಪಲಿ ಹೊರಗೆ. ಆಟಿಕೆ, ಮಗುವಿನ ಕೈ ಎರಡನ್ನೂ ತೊಳೆಯಿರಿ.

ಹಂತ 7: ಊಟ

ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಮೇಲಾಹಾರ. ರಾಗಿ ಸರಿ ಆಗಲಿ, ಮಣ್ಣಿ ಆಗಲಿ ಆಗಾಗ ಮಾಡಿ ಬಿಸಿಯಾಗಿ ಕೊಡಿ. ಬೆಳಗ್ಗೆ ಮಾಡಿದ್ದನ್ನು ಸಂಜೆವರೆಗೆ ಇಡಬೇಡಿ, ಬೇಸಿಗೆಯಲ್ಲಿ ಎರಡು ಗಂಟೆಯಲ್ಲೇ ಕೆಡಲು ಶುರುವಾಗುತ್ತದೆ. ನೀರಾದ ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಶಕ್ತಿ ಬರುವುದಿಲ್ಲ. ಚಮಚದಿಂದ ಜಾರದಷ್ಟು ಗಟ್ಟಿ ಇರಲಿ, ಬೇಳೆ, ತುಪ್ಪ, ಮೊಟ್ಟೆ, ಸೊಪ್ಪು ಸೇರಲಿ.

ಹಾಲಿನ ಬಾಟಲಿ ಬೇಡ. ನಿಪ್ಪಲ್ಲಿನ ಒಳಗೆ ಕೈ ಹೋಗುವುದಿಲ್ಲ, ಹಳೇ ಹಾಲು ಅಲ್ಲೇ ಉಳಿದು ಹುಳಿಯಾಗುತ್ತದೆ. ಲೋಟ, ಚಮಚ, ಅಥವಾ ನಮ್ಮ ಅಜ್ಜಿಯರು ಕೂಸಿಗೆ ಹಾಲು ಕುಡಿಸುತ್ತಿದ್ದ ಮೂತಿಯಿರುವ ಪುಟ್ಟ ಪಾತ್ರೆ, ಒಳಲೆ, ಸಾಕು. ಒಳಲೆಯನ್ನು ಪೂರ್ತಿ ಉಜ್ಜಿ ತೊಳೆಯಬಹುದು, ಕುದಿಸಬಹುದು.

ಹಂತ 8: ಭೇದಿಯಾದರೆ

ಓಆರ್‌ಎಸ್ ಮತ್ತು ಜಿಂಕ್, ಎರಡೂ ಬೇಕು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಟ್ಟಿಗೇ ಹಾಕಿ. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕಿದರೆ ಉಪ್ಪಿನ ಅಳತೆ ತಪ್ಪಿ ಅಪಾಯವಾಗುತ್ತದೆ. 24 ಗಂಟೆ ಆದಮೇಲೆ ಉಳಿದದ್ದನ್ನು ಚೆಲ್ಲಿ. ಜಿಂಕ್ ಮಾತ್ರೆ 14 ದಿನ: 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ., 2ರಿಂದ 6 ತಿಂಗಳಿನವರಿಗೆ 10. ಭೇದಿ ನಿಂತಿತು ಅಂತ ಮೂರನೇ ದಿನಕ್ಕೇ ಬಿಡುವವರು ಜಾಸ್ತಿ, ಬಿಡಬೇಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೆ ಒಂದು ಹೊತ್ತು ಹೆಚ್ಚಿಗೆ ಕೊಡಿ, ಕಳೆದುಕೊಂಡದ್ದನ್ನು ಮಗು ತುಂಬಿಕೊಳ್ಳುವುದು ಆಗಲೇ.

ಕಣ್ಣು ಗುಳಿ ಬಿದ್ದರೆ, ಮಗು ಮಂಕಾದರೆ, ಕುಡಿಯಲು ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ಎರಡು ತಿಂಗಳೊಳಗಿನ ಕೂಸಾದರೆ ಮನೆಯಲ್ಲಿ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ.

ಇದರ ಜೊತೆಗೆ ರೋಟಾವೈರಸ್ ಲಸಿಕೆ 6, 10, 14ನೇ ವಾರಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಜಂತುಹುಳುವಿನ ಮಾತ್ರೆಯನ್ನು ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಅಂಗನವಾಡಿಯಲ್ಲಿ ಕೊಡುತ್ತಾರೆ, ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಲ್ಲಿ ಕಲಸಿ.

ಎಂಟನ್ನೂ ನಾಳೆಯಿಂದಲೇ ಶುರುಮಾಡಲು ಆಗುವುದಿಲ್ಲ, ಗೊತ್ತು. ಮಗುವಿನ ಬಾಯಿಗೆ ಹತ್ತಿರ ಇರುವುದರಿಂದ ಶುರುಮಾಡಿ. ಮೊದಲ ವಾರ ತಿನ್ನಿಸುವ ಕೈಗೆ ಸೋಪು, ಕುದಿಸಿದ ನೀರು, ಬಾಟಲಿ ಬದಲು ಲೋಟ. ಎರಡನೇ ವಾರ ಚಾಪೆ, ಕೋಳಿಗೂಡು, ಮಗುವಿನ ಕಕ್ಕ. ಅಷ್ಟರೊಳಗೆ ಪಂಚಾಯಿತಿಯಿಂದ ನೀರಿನ ಫಲಿತಾಂಶ ಕೇಳಿ ಇಟ್ಟುಕೊಳ್ಳಿ. ಮೂರು ತಿಂಗಳಿಗೆ ಮತ್ತೆ ಅದೇ ಗೋಡೆ, ಅದೇ ಪುಸ್ತಕ ಇಟ್ಟು ಅಳೆಯಿರಿ. ಗೆರೆ ಆಗಲೂ ಮೇಲೇರದಿದ್ದರೆ ತಾಯಿ ಕಾರ್ಡ್ ಹಿಡಿದುಕೊಂಡು ಮಕ್ಕಳ ವೈದ್ಯರನ್ನು ಕಾಣಿ, ಬೇರೆ ಕಾರಣವೂ ಇರಬಹುದು.